ಚಾ, ಶರಬತ್ತು, ಸೋಡಾ: ಹಲ್ಲು ಕೆಡದಂತೆ ಕುಡಿಯುವುದು ಹೇಗೆ?

"ಸಕ್ಕರೆ ಬಿಟ್ಟು ಬೆಲ್ಲ ಹಾಕಿದರೆ ಹಲ್ಲಿಗೆ ತೊಂದರೆ ಇಲ್ಲ ಅಲ್ಲವೇ?" "ಪುನರ್ಪುಳಿ (ಕೋಕಂ) ಮನೆಯ ಮರದ್ದೇ, ಅದರಿಂದಲೂ ಹಲ್ಲು ಸವೆಯುತ್ತದಾ?" "ಡಯಟ್ ಕೋಲಾದಲ್ಲಿ ಸಕ್ಕರೆಯೇ ಇಲ್ಲವಲ್ಲ, ಮತ್ತೇನು ಭಯ?" ಮಂಜೇಶ್ವರದಿಂದ ಕಾಸರಗೋಡಿನವರೆಗೆ ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. ಉತ್ತರಗಳು ಚಿಕ್ಕವು. ಹಲ್ಲಿನ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ. ಪುನರ್ಪುಳಿಯಿಂದ ಸವೆಯುತ್ತದೆ, ಕುಡಿಯುವ ರೀತಿ ತಪ್ಪಿದರೆ. ಡಯಟ್ ಕೋಲಾದಲ್ಲಿ ಸಕ್ಕರೆ ಇಲ್ಲ, ಹುಳಿ ಪೂರ್ತಿ ಇದೆ.

ಹಾಗೆಂದು ಇವೆಲ್ಲವನ್ನೂ ಬಿಟ್ಟುಬಿಡಿ ಎಂದು ಹೇಳುವ ಲೇಖನ ಇದಲ್ಲ. ಎಷ್ಟು ಲೋಟ ಎನ್ನುವುದಕ್ಕಿಂತ ಎಷ್ಟು ಸಲ ಕುಡಿದಿರಿ, ಒಂದೊಂದು ಸಲವೂ ಎಷ್ಟು ಹೊತ್ತು ಹಲ್ಲಿಗೆ ತಾಗಿತು ಎನ್ನುವುದೇ ಹೆಚ್ಚಿನ ಲೆಕ್ಕ. ಒಂದು ಲೋಟ ಲಿಂಬೆ ಶರಬತ್ತನ್ನು ಊಟದೊಂದಿಗೆ ಐದು ನಿಮಿಷದಲ್ಲಿ ಕುಡಿದವರಿಗೂ ಅದನ್ನೇ ಬಾಟಲಿಗೆ ತುಂಬಿಸಿ ಮಧ್ಯಾಹ್ನದವರೆಗೆ ಗುಟುಕರಿಸಿದವರಿಗೂ ಆಗುವ ಹಾನಿ ಒಂದೇ ಅಲ್ಲ.

ಮೊದಲು ತಿಳಿಯಬೇಕಾದದ್ದು: ಹುಳುಕು ಬೇರೆ, ಸವೆತ ಬೇರೆ

ಹಲ್ಲಿನ ಹೊರಗಿನ ಗಟ್ಟಿ ಕವಚಕ್ಕೆ ಎನಾಮಲ್ ಎನ್ನುತ್ತಾರೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹರಳುಗಳಿಂದಾದ ಇದು ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಆದರೆ ಹುಳಿಗೆ ಕರಗುತ್ತದೆ, ಹೋದದ್ದು ಮತ್ತೆ ಬೆಳೆಯುವುದಿಲ್ಲ. ಅದರ ಒಳಗಿನ ಹಳದಿ ಛಾಯೆಯ, ಸ್ವಲ್ಪ ಮೆದುವಾದ ಪದರ ಡೆಂಟಿನ್. ತಣ್ಣೀರು ತಾಗಿದಾಗ ಹಲ್ಲು ಜುಮ್ಮೆನ್ನುವುದು ಈ ಪದರ ಹೊರಗೆ ಬಿದ್ದಾಗ.

ಹುಳಿಯ ಅಳತೆಗೆ ಪಿಎಚ್ ಎಂದು ಹೆಸರು. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿತೆಂದು ಲೆಕ್ಕ. ಹಲ್ಲಿನ ಸುತ್ತ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಎನಾಮಲ್ ಕರಗಲು ತೊಡಗುತ್ತದೆ. ವಸಡು ಇಳಿದು ಹಲ್ಲಿನ ಬೇರು ಕಾಣುವ ಹಿರಿಯರಿಗೆ ಅಷ್ಟು ಹುಳಿಯೂ ಬೇಡ, 6ರ ಮೇಲಿರುವಾಗಲೇ ಬೇರಿನ ಭಾಗ ಕರಗತೊಡಗುತ್ತದೆ.

ಹುಳುಕು ಆಗುವುದು ಹೀಗೆ. ಹಲ್ಲಿಗೆ ಅಂಟಿಕೊಂಡ ಲೋಳೆಯಂಥ ಪದರದಲ್ಲಿ (ಇದಕ್ಕೆ ಪ್ಲಾಕ್ ಎನ್ನುತ್ತಾರೆ) ಬ್ಯಾಕ್ಟೀರಿಯಾ ಇರುತ್ತವೆ. ನೀವು ಕುಡಿದ ಸಿಹಿಯನ್ನು ತಿಂದು ಅವು ಹುಳಿ ಮಾಡುತ್ತವೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಅಲ್ಲಿನ ಪಿಎಚ್ ಕುಸಿಯುತ್ತದೆ. ಜೊಲ್ಲು ಅದನ್ನು ತೊಳೆದು ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರೊಳಗೆ ಇನ್ನೊಂದು ಗುಟುಕು ಹೋದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

ಸವೆತಕ್ಕೆ ಬ್ಯಾಕ್ಟೀರಿಯಾವೂ ಬೇಡ, ಸಕ್ಕರೆಯೂ ಬೇಡ. ಪಾನೀಯದ ಹುಳಿಯೇ ನೇರವಾಗಿ ಎನಾಮಲ್ಲನ್ನು ಕರಗಿಸುತ್ತದೆ. ದಿನಕ್ಕೆ ಎರಡು ಸಲ ಚೊಕ್ಕಟವಾಗಿ ಹಲ್ಲುಜ್ಜುವವರಿಗೂ ಇದು ತಪ್ಪಿದ್ದಲ್ಲ. "ಒಂದೂ ಹುಳುಕಿಲ್ಲ, ಆದರೂ ಐಸ್‌ಕ್ರೀಂ ತಿನ್ನಲಿಕ್ಕೆ ಆಗುವುದಿಲ್ಲ" ಎನ್ನುವವರಲ್ಲಿ ಹಲವರದ್ದು ಈ ಕಥೆ.

ನಿಮ್ಮದು ಯಾವುದು ಎಂದು ತಿಳಿಯದೆ ಪರಿಹಾರಕ್ಕೆ ಹೊರಟರೆ ದಾರಿ ತಪ್ಪುತ್ತದೆ. ಸಕ್ಕರೆ ಬಿಟ್ಟು ಲಿಂಬೆನೀರು ಹೆಚ್ಚಿಸಿಕೊಂಡವರು ಹುಳುಕಿನಿಂದ ಪಾರಾಗಿ ಸವೆತಕ್ಕೆ ಸಿಕ್ಕಿಬೀಳುತ್ತಾರೆ.

ಬೇಕಾದ ಸಾಮಾನು

ಒಂದು ಚಿಕ್ಕ ನೋಟ್‌ಬುಕ್, ಟೀ ಚಮಚ, ಕೈಗನ್ನಡಿ, ಟಾರ್ಚು (ಮೊಬೈಲಿನದ್ದು ಸಾಕು), ಮೆದು ಬ್ರಷ್, ಫ್ಲೋರೈಡ್ ಇರುವ ಪೇಸ್ಟು, ಅಡುಗೆ ಸೋಡಾ. ಫ್ಲೋರೈಡ್ ಎಂದರೆ ಎನಾಮಲ್ಲಿಗೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ ಕೊಡುವ ಖನಿಜಾಂಶ. ಪೇಸ್ಟಿನ ಡಬ್ಬಿಯ ಮೇಲೆ ಸುಮಾರು 1000 ಪಿಪಿಎಂ ಎಂದು ಬರೆದಿದೆಯೇ ನೋಡಿ. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಇಷ್ಟು ಭಾಗ. "ಗಿಡಮೂಲಿಕೆ" ಎಂದು ದೊಡ್ಡದಾಗಿ ಬರೆದ ಹಲವು ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ.

ಹಂತ 1: ಮೂರು ದಿನ ಬರೆದಿಡಿ

ಎರಡು ಕೆಲಸದ ದಿನ, ಒಂದು ರಜಾದಿನ. ನೀರು ಬಿಟ್ಟು ಬಾಯಿಗೆ ಹೋದ ಪ್ರತಿಯೊಂದನ್ನೂ ಬರೆಯಿರಿ: ಹೊತ್ತು, ಏನು, ಎಷ್ಟು ಚಮಚ ಸಿಹಿ, ಮುಗಿಸಲು ಎಷ್ಟು ನಿಮಿಷ. ತೋಟದ ಕೆಲಸ ಇರುವ ಮನೆಯ ಒಂದು ದಿನ ಹೆಚ್ಚುಕಡಿಮೆ ಹೀಗಿರುತ್ತದೆ:

ಬೆಳಿಗ್ಗೆ 6.15 – ಕಣ್ಣ ಚಾ (ಹಾಲು ಹಾಕದ ಚಾ), 2 ಚಮಚ, 10 ನಿಮಿಷ
8.30 – ತಿಂಡಿಯೊಂದಿಗೆ ಕಾಫಿ, 2 ಚಮಚ
10.45 – ತೋಟದಲ್ಲಿ ಚಾ, 2 ಚಮಚ. ಫ್ಲಾಸ್ಕಿನಲ್ಲಿ ಉಳಿದದ್ದು 11.30ಕ್ಕೆ ಇನ್ನರ್ಧ ಲೋಟ, 1 ಚಮಚ
1.15 – ಊಟ, ಮಜ್ಜಿಗೆ
4.00 – ಚಾ, 2 ಚಮಚ
6.00 – ಪೇಟೆಯಲ್ಲಿ ಲಿಂಬೆ ಸೋಡಾ, ಸಿಹಿ ಎಷ್ಟೆಂದು ಗೊತ್ತಿಲ್ಲ
ರಾತ್ರಿ 9.30 – ಬೆಲ್ಲ ಹಾಕಿದ ಕೊತ್ತಂಬರಿ ಜೀರಿಗೆ ಕಷಾಯ, 2 ಚಮಚ

ಈಗ ಎಣಿಸಿ. ಸಿಹಿ ಬಾಯಿಗೆ ಬಿದ್ದದ್ದು ಏಳು ಸಲ. ಒಂದೊಂದಕ್ಕೂ ಅರ್ಧ ಗಂಟೆ ಎಂದರೂ ಮೂರೂವರೆ ಗಂಟೆ ಹಲ್ಲು ಹುಳಿಯಲ್ಲಿ ನೆನೆದಿದೆ. ಚಮಚ ಲೆಕ್ಕ ಹಿಡಿದರೆ ಸೋಡಾದ್ದು ಬಿಟ್ಟೇ ಹನ್ನೊಂದು. ಮಟ್ಟಸವಾದ ಒಂದು ಟೀ ಚಮಚ ಸಕ್ಕರೆ 4ರಿಂದ 5 ಗ್ರಾಂ, ಅಂದರೆ 50 ಗ್ರಾಮಿನ ಹತ್ತಿರ ಬಂತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ದೊಡ್ಡವರಿಗೆ ಇಡೀ ದಿನದ ಮಿತಿ ಸುಮಾರು 50 ಗ್ರಾಂ, ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಇಲ್ಲಿ ಬರೀ ಪಾನೀಯದಲ್ಲೇ ಅಷ್ಟು ಮುಗಿಯಿತು. ಪಾಯಸ, ಬಿಸ್ಕತ್ತು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇಲ್ಲಿ ಆಗುವ ತಪ್ಪು: ಗುಡ್ಡೆಯಾಗಿ ತುಂಬಿದ ಚಮಚವನ್ನು ಒಂದೆಂದು ಬರೆಯುವುದು. ಒಂದು ಸಲ ಚಾಕುವಿನ ಬೆನ್ನಿನಿಂದ ಸವರಿ ನೋಡಿ. ಕೆಳಗೆ ಬಿದ್ದ ಸಕ್ಕರೆ ಮೇಲೆ ಉಳಿದದ್ದಕ್ಕೆ ಸಮ ಇರುತ್ತದೆ.

ಹಂತ 2: ನೀವು ಕುಡಿಯುವುದರ ಗುಣ ತಿಳಿಯಿರಿ

ಪಟ್ಟಿಯಲ್ಲಿ ಬಂದ ಒಂದೊಂದಕ್ಕೂ ಎರಡು ಪ್ರಶ್ನೆ ಹಾಕಿ: ಸಿಹಿ ಇದೆಯೇ, ಹುಳಿ ಇದೆಯೇ?

ಚಾ. ಹಾಲು ಹಾಕಿದ ಚಾ, ಕಾಫಿ ಹುಳಿಯ ಕಡೆಯಿಂದ ನಿರುಪದ್ರವಿ. ಕಣ್ಣ ಚಾದ ಪಿಎಚ್ 5ರ ಆಸುಪಾಸು ಇದ್ದರೂ ಅದರಲ್ಲಿ ಹುಳಿಯ ಒಟ್ಟು ಪ್ರಮಾಣ ಕಡಿಮೆ. ಜೊಲ್ಲು ಸುಲಭವಾಗಿ ಸರಿಮಾಡಿಕೊಳ್ಳುತ್ತದೆ. ತೊಂದರೆ ಇರುವುದು ಸಕ್ಕರೆಯಲ್ಲಿ, ಮತ್ತೆ ಕಲೆಯಲ್ಲಿ. ಕಲೆ ಮೇಲ್ಮೈಯದ್ದು, ರೋಗವಲ್ಲ. ಹಾಲು ಹಾಕಿದರೆ ಕಡಿಮೆ. ಸುಲೈಮಾನಿ ಮಾತ್ರ ಬೇರೆ ಜಾತಿ. ಕಣ್ಣ ಚಾಕ್ಕೆ ಲಿಂಬೆ ಹಿಂಡುವಾಗ ಲೋಟವನ್ನೇ ನೋಡುತ್ತಿರಿ: ಕಡುಗಂದು ಬಣ್ಣ ಕ್ಷಣದಲ್ಲಿ ತಿಳಿಯಾಗಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ರಸ ಸೇರಿ ತೆಳುವಾದದ್ದರಿಂದ ಅಲ್ಲ. ಚಾದ ಬಣ್ಣದ ಅಂಶಗಳು ಹುಳಿ ಏರಿದಾಗ ಹಾಗೆ ಮಾಡುತ್ತವೆ. ಹಲ್ಲಿನ ಲೆಕ್ಕದಲ್ಲಿ ಅದು ಆಗ ಚಾ ಅಲ್ಲ, ಬಿಸಿ ಶರಬತ್ತು.

ಲಿಂಬೆ, ಪುನರ್ಪುಳಿ. ಲಿಂಬೆರಸದ ಪಿಎಚ್ 2ರಿಂದ 2.5. ಪುನರ್ಪುಳಿಯೂ ಬಲವಾದ ಹುಳಿಯೇ. ಅದರ ಸಿಪ್ಪೆಯಲ್ಲಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಹೇರಳವಾಗಿದೆ. "ಬಹಳ ನೀರು ಸೇರಿಸುತ್ತೇವೆ" ಎನ್ನುವವರು ಒಂದು ಗಮನಿಸಿ: ಇಂಥ ಆಮ್ಲಗಳಿಗೆ ಹತ್ತು ಪಟ್ಟು ನೀರು ಸೇರಿಸಿದರೂ ಪಿಎಚ್ ಒಂದು ಅಂಕಿಯಷ್ಟೂ ಏರುವುದಿಲ್ಲ. ನೀರು ಸೇರಿಸುವುದರಿಂದ ಒಂದೊಂದು ಗುಟುಕಿನಲ್ಲಿ ಬರುವ ಹುಳಿ ಕಡಿಮೆಯಾಗುತ್ತದೆ, ಅಷ್ಟು ಲಾಭ ನಿಜ. ಸಕ್ಕರೆ ಹಾಕಿದರೆ ಹುಳಿ ಕಡಿಮೆಯಾಗುತ್ತದೆ ಎನ್ನುವುದು ನಾಲಿಗೆಯ ಭ್ರಮೆ. ಉಪ್ಪು ಹಾಕಿದರೂ ಅಷ್ಟೇ. ಸಿಹಿ ಹುಳಿಯನ್ನು ಮುಚ್ಚುತ್ತದೆಯೇ ಹೊರತು ಕರಗಿಸುವುದಿಲ್ಲ. ಜೊತೆಗೆ ಹುಳುಕಿನ ದಾರಿಯನ್ನೂ ತೆರೆಯುತ್ತದೆ. ಇದೇ ಪುನರ್ಪುಳಿ ಸಾರಾಗಿ ಅನ್ನದೊಂದಿಗೆ ಬಂದರೆ ಚಿಂತೆಯಿಲ್ಲ. ಜಗಿಯುವಾಗ ಜೊಲ್ಲು ಚೆನ್ನಾಗಿ ಸುರಿಯುತ್ತದೆ, ಅನ್ನ ಪಲ್ಯಗಳ ನಡುವೆ ಹುಳಿ ಹಲ್ಲಿನ ಮೇಲೆ ನಿಲ್ಲುವುದಿಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ಲಿಂಬೆ, ಜೇನು: ತೂಕ ಇಳಿಸಲು ಶುರುಮಾಡಿ ವರ್ಷಗಟ್ಟಲೆ ಮುಂದುವರಿಸುವವರು ತುಂಬ. ಹಲ್ಲಿನ ದೃಷ್ಟಿಯಿಂದ ಇಷ್ಟು ಕೆಟ್ಟ ಜೋಡಣೆ ಹುಡುಕಿದರೂ ಸಿಗದು. ರಾತ್ರಿಯೆಲ್ಲ ಜೊಲ್ಲು ಕಡಿಮೆಯಾಗಿ ಬಾಯಿ ಒಣಗಿರುವ ಹೊತ್ತು, ಹುಳಿ, ಸಿಹಿ, ಅದರ ಬೆನ್ನಿಗೇ ಬ್ರಷ್. ಆಪಲ್ ಸೈಡರ್ ವಿನೆಗರ್ ಕುಡಿಯುವವರಿಗೂ ಇದೇ ಮಾತು, ಜೇನು ಒಂದನ್ನು ಬಿಟ್ಟು.

ಕೋಲಾ ಮತ್ತು ಬಾಟಲಿ ಪಾನೀಯಗಳು. ಕೋಲಾದ ಪಿಎಚ್ ಸುಮಾರು 2.5, ಅದರಲ್ಲಿರುವುದು ಫಾಸ್ಫಾರಿಕ್ ಆಮ್ಲ. ಸಾಮಾನ್ಯ ಕೋಲಾದಲ್ಲಿ 100 ಮಿಲಿಗೆ 10–11 ಗ್ರಾಂ ಸಕ್ಕರೆ. ಡಯಟ್ ಎಂದಿದ್ದರೆ ಸಕ್ಕರೆ ಇಲ್ಲ, ಹುಳುಕಿನ ಭಯವಿಲ್ಲ, ಸವೆತದ್ದು ಇದ್ದೇ ಇದೆ. ಗೋಲಿ ಸೋಡಾ ಬರೀ ಸೋಡಾ ಆಗಿದ್ದರೆ ಹಾನಿ ಅಲ್ಪ. ಗ್ಯಾಸ್‌ನಿಂದ ಬರುವ ಹುಳಿ ದುರ್ಬಲ. ಅದಕ್ಕೆ ಲಿಂಬೆ, ಶುಂಠಿ, ಸಕ್ಕರೆ ಪಾಕ ಸೇರಿದ ಮೇಲೆ ಮಾತು ಬೇರೆ.

ಕುಲುಕ್ಕಿ ಸರ್ಬತ್ತಿನಲ್ಲಿ ಲಿಂಬೆಯೂ ಉಂಟು, ಸಿಹಿಯೂ ಉಂಟು. ಕಾಮಕಸ್ತೂರಿ ಬೀಜ, ಹಸಿಮೆಣಸಿನ ಗದ್ದಲದಲ್ಲಿ ಎರಡೂ ಗೊತ್ತಾಗುವುದಿಲ್ಲ. ನನ್ನಾರಿ (ಸೊಗದೆ ಬೇರು) ಸರ್ಬತ್ತೂ ಹಾಗೆಯೇ. ಕಬ್ಬಿನ ಹಾಲು ಪೂರ್ತಿ ಸಿಹಿ. ಅವಿಲ್ ಮಿಲ್ಕ್‌ನಲ್ಲಿ ಅವಲಕ್ಕಿ, ಬಾಳೆಹಣ್ಣು, ಸಕ್ಕರೆ ಸೇರಿ ದವಡೆಹಲ್ಲಿನ ಗುಳಿಗಳಲ್ಲಿ ಕೂರುತ್ತವೆ. ಕುಡಿದ ಮೇಲೆ ಬಾಯಿ ಮುಕ್ಕಳಿಸದಿದ್ದರೆ ಸಂಜೆಯವರೆಗೂ ಅಲ್ಲೇ.

ಬೊಂಡ (ಎಳನೀರು). ಇದರಲ್ಲಿ ಸಹಜ ಸಿಹಿ ಇದೆ, ಸ್ವಲ್ಪ ಹುಳಿ ಗುಣವೂ ಇದೆ, ಎರಡೂ ಹೆಚ್ಚಿಲ್ಲ. ಕೆತ್ತಿಸಿ ನಿಂತಲ್ಲೇ ಕುಡಿದು ಮುಗಿಸುವ ಪಾನೀಯವಾದ್ದರಿಂದ ಹಲ್ಲಿಗೆ ತಾಗುವ ಹೊತ್ತೂ ಕಡಿಮೆ. ಶರಬತ್ತಿಗೆ ಬದಲು ಬೊಂಡ ಎಂದರೆ ಧಾರಾಳವಾಗಿ ಒಪ್ಪಬಹುದು. ಜ್ಯೂಸ್ ಅಂಗಡಿಯಲ್ಲಿ ಸಕ್ಕರೆ ಹಾಕಿ ಮಿಕ್ಸಿಯಲ್ಲಿ ತಿರುವಿಕೊಡುವ ಬೊಂಡ ಶೇಕ್ ಬೇರೆ ಲೆಕ್ಕ.

ಮಜ್ಜಿಗೆ. ಹುಳಿ ಇದೆ, ಪಿಎಚ್ 4.5ರ ಹತ್ತಿರ. ಆದರೂ ಹಲ್ಲು ಕರಗುವುದಿಲ್ಲ. ಏಕೆಂದರೆ ಹಲ್ಲು ಯಾವುದರಿಂದ ಆಗಿದೆಯೋ ಆ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಮಜ್ಜಿಗೆಯಲ್ಲಿ ಬೇಕಾದಷ್ಟಿವೆ. ಉಪ್ಪು ಕರಗಿ ತುಂಬಿದ ನೀರಿಗೆ ಇನ್ನಷ್ಟು ಉಪ್ಪು ಹಾಕಿದರೆ ಕರಗದಲ್ಲ, ಹಾಗೆ. ಶುಂಠಿ, ಕರಿಬೇವು, ಹಸಿಮೆಣಸು ಜಜ್ಜಿ ಹಾಕಿದ ನೀರುಮಜ್ಜಿಗೆ ಇಡೀ ಪಟ್ಟಿಯಲ್ಲಿ ನೀರಿನ ನಂತರದ ಸ್ಥಾನಕ್ಕೆ ಅರ್ಹ. ಸಿಹಿ ಲಸ್ಸಿಗೆ ಈ ಸರ್ಟಿಫಿಕೇಟು ಇಲ್ಲ.

ನೀರು. ಮುರಕಲ್ಲಿನ ನೆಲದ ಬಾವಿ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳ ನೀರು ಸ್ವಲ್ಪ ಹುಳಿ ಗುಣದ್ದಾಗಿರುವುದು ಸಾಮಾನ್ಯ. ಅದರಿಂದ ಹಲ್ಲಿಗೆ ಏನೂ ಆಗದು; ಜೊಲ್ಲಿನ ಮುಂದೆ ಅದರ ಬಲ ಸಾಲದು. ಫ್ಲೋರೈಡಿನ ವಿಷಯ ಮಾತ್ರ ಊರಿಂದೂರಿಗೆ ಬೇರೆ. ಅನಂತಪುರ, ಧರ್ಮಪುರಿ, ಕೃಷ್ಣಗಿರಿ ಕಡೆಯ ಕನ್ನಡ ಮನೆಗಳವರು ಕೊಳವೆಬಾವಿ ನೀರನ್ನು ಪರೀಕ್ಷೆ ಮಾಡಿಸಲೇಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, 1.5 ದಾಟಿದ ನೀರು ಕುಡಿಯಲು ಬೇಡ. ಹಲ್ಲು ಮೂಡುವ ವಯಸ್ಸಿನ ಮಕ್ಕಳಿಗೆ ಆ ನೀರಿನಿಂದ ಹಲ್ಲಿನಲ್ಲಿ ಸುಣ್ಣದಂಥ ಮತ್ತು ಕಂದು ಮಚ್ಚೆಗಳು ಬರುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಹಂತ 3: ಸಿಹಿ ಇಳಿಸಿ, ಆದರೆ ಒಮ್ಮೆಗೇ ಬೇಡ

ಎರಡು ಚಮಚದವರು ಒಂದು ವಾರ ಒಂದೂವರೆಗೆ, ಮುಂದಿನ ವಾರ ಒಂದಕ್ಕೆ, ಆಮೇಲೆ ಅರ್ಧಕ್ಕೆ ಬನ್ನಿ. ನಾಲಿಗೆ ಹೊಂದಿಕೊಳ್ಳುತ್ತದೆ. ಪಾತ್ರೆಗೇ ಸಕ್ಕರೆ ಹಾಕಿ ಕುದಿಸುವ ಮನೆಗಳಲ್ಲಿ ಈ ಕ್ರಮ ನಡೆಯದು. ಸಕ್ಕರೆಯಿಲ್ಲದೆ ಕುದಿಸಿ, ಲೋಟಕ್ಕೆ ಬೇಕಾದವರು ಹಾಕಿಕೊಳ್ಳಲಿ. ಮೊದಲ ಎರಡು ದಿನ ಗೊಣಗಾಟ ಇರುತ್ತದೆ.

ಹೋಟೆಲಿನಲ್ಲಿ ಕಾಸರಗೋಡಿನವರಿಗೆ ಒಂದು ಅನುಕೂಲ ಇದೆ. "ಒಂದು ವಿತೌಟ್" ಎಂದರೆ ಸಾಕು, ಸಕ್ಕರೆ ಇಲ್ಲದ ಚಾ ಬರುತ್ತದೆ. ಯಾರೂ ಯಾಕೆ ಎಂದು ಕೇಳುವುದಿಲ್ಲ. ಕಡಿಮೆ ಸಿಹಿ ಬೇಕಿದ್ದರೆ "ಮಧುರಂ ಕೊರಚ್ಚ್ ಮದಿ" ಎನ್ನಿ. ವಿತೌಟ್ ಹೇಳಿ ಪಕ್ಕದಲ್ಲಿ ಎರಡು ಸಿಹಿ ಬನ್ ಇಟ್ಟುಕೊಂಡರೆ ಲೆಕ್ಕ ಅಲ್ಲಿಗೇ ಬಂತು.

ಬೆಲ್ಲ, ಜೇನು, ಕಲ್ಲುಸಕ್ಕರೆ, ಓಲೆಬೆಲ್ಲ ಯಾವುದಾದರೂ ಬ್ಯಾಕ್ಟೀರಿಯಾಕ್ಕೆ ಊಟವೇ. ಬೆಲ್ಲದಲ್ಲಿ ಖನಿಜಾಂಶ ಇರಬಹುದು, ಹಲ್ಲಿಗೆ ಅದರಿಂದ ರಿಯಾಯಿತಿ ಇಲ್ಲ. ಬಂದವರಿಗೆ ಬೆಲ್ಲ ನೀರು ಕೊಡುವ ಪದ್ಧತಿಯ ಬಗ್ಗೆ ಕೇಳುತ್ತೀರಿ: ಒಂದು ಚೂರು ಬೆಲ್ಲ, ಹಿಂದೆಯೇ ಚೆಂಬು ನೀರು. ಈ ಕ್ರಮವೇ ಸರಿಯಾಗಿದೆ, ನೀರು ಕೊನೆಗೆ ಬರಬೇಕು ಅಷ್ಟೆ. ಬೆಲ್ಲ ಕಚ್ಚಿಕೊಂಡು ಕಣ್ಣ ಚಾ ಹೀರುತ್ತ ಹೋಗುವುದು ಮಾತ್ರ ಚಾಕ್ಕೆ ಸಕ್ಕರೆ ಹಾಕುವುದಕ್ಕಿಂತ ಕೆಟ್ಟದ್ದು. ಬೆಲ್ಲದ ಗಟ್ಟಿ ದವಡೆಯಲ್ಲಿ ನಿಧಾನಕ್ಕೆ ಕರಗುತ್ತಾ ಇರುತ್ತದೆ.

ಹಂತ 4: ಸಲಗಳನ್ನು ಕೂಡಿಸಿ

ಮೇಲಿನ ಏಳು ಸಲವನ್ನು ಐದಕ್ಕೆ ತರಲು ಒಂದು ಲೋಟವನ್ನೂ ಪೂರ್ತಿ ಬಿಡಬೇಕಾಗಿಲ್ಲ. 6.15ರ ಕಣ್ಣ ಚಾ ಸಕ್ಕರೆ ಇಲ್ಲದೆ ಇರಲಿ. 10.45ರದ್ದನ್ನೂ 11.30ರದ್ದನ್ನೂ ಒಂದೇ ಸಲಕ್ಕೆ ಕುಡಿಯಿರಿ. ಕಷಾಯ ರಾತ್ರಿ ಊಟದೊಂದಿಗೇ ಆಗಲಿ. ಉಳಿದದ್ದು ಇದ್ದಂತೆಯೇ ಇರಲಿ. ಎರಡು ಸಿಹಿಗಳ ನಡುವೆ ಎರಡು ಗಂಟೆ ಬಿಡುವು ಸಿಕ್ಕರೆ ಜೊಲ್ಲಿಗೆ ದುರಸ್ತಿಗೆ ಸಮಯ ಸಿಗುತ್ತದೆ. ದುರಸ್ತಿ ಎಂದರೆ ನಿಜವಾದ ಅರ್ಥದಲ್ಲೇ: ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಮೆದುವಾದ ಎನಾಮಲ್ಲಿಗೆ ಮರಳಿ ಸೇರುತ್ತವೆ. ಪದರ ಕಳಚಿ ಹೋಗುವ ಮೊದಲು ಮಾತ್ರ.

ಫ್ಲಾಸ್ಕು ಮತ್ತು ಬಾಟಲಿ ಇಲ್ಲಿನ ದೊಡ್ಡ ಶತ್ರುಗಳು. ಬೆಳಗಿನ ರೈಲಿನಲ್ಲಿ ಮಂಗಳೂರಿನ ಕಾಲೇಜಿಗೆ ಹೋಗುವ ಮಕ್ಕಳ ಚೀಲದಲ್ಲಿ ಶರಬತ್ತಿನ ಬಾಟಲಿ ಇದ್ದರೆ ಅದು ಮಂಗಳೂರು ತಲುಪುವವರೆಗೆ ಹತ್ತು ಸಲ ಬಾಯಿಗೆ ಹೋಗುತ್ತದೆ. ಬಾಟಲಿಗೆ ನೀರು ಮಾತ್ರ ಎಂದು ಮನೆಯಲ್ಲಿ ನಿಯಮ ಮಾಡಿ. ವಾಲಿಬಾಲ್, ಕಬಡ್ಡಿ ಆಡುವವರು ಗ್ಲೂಕೋಸ್ ಪುಡಿ ಕಲಸಿದ ನೀರನ್ನು ಆಟದುದ್ದಕ್ಕೂ ಹೀರುವುದೂ ಇದೇ ತಪ್ಪು, ಅದರಲ್ಲೂ ಬೆವರಿ ಬಾಯಿ ಒಣಗಿದ ಹೊತ್ತಿನಲ್ಲಿ. ಒಂದು ಗಂಟೆಯ ಆಟಕ್ಕೆ ನೀರು ಸಾಕು.

ರಂಜಾನ್ ಉಪವಾಸ ಹಿಡಿಯುವವರಿಗೆ: ಇಡೀ ದಿನ ಒಣಗಿದ ಬಾಯಿಗೆ ಮೊದಲು ನೀರು ಹೋಗಲಿ. ಶರಬತ್ತನ್ನು ಆ ಹೊತ್ತಿನ ತಿಂಡಿಯೊಂದಿಗೇ ಮುಗಿಸಿ, ರಾತ್ರಿಯುದ್ದಕ್ಕೂ ಎಳೆಯಬೇಡಿ.

ಹಂತ 5: ಹುಳಿ ಕುಡಿಯುವ ರೀತಿ, ಕುಡಿದ ಮೇಲಿನ ಒಂದು ಗಂಟೆ

1. ಬಾಯಲ್ಲಿ ಆಡಿಸದೆ ನುಂಗಿ. ತಂಪಾಗಲಿ ಎಂದು ಕೆನ್ನೆಯೊಳಗೆ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಬಿಡಿ.
2. ಸ್ಟ್ರಾ ಬಳಸುವುದಾದರೆ ಅದರ ತುದಿ ಮುಂಹಲ್ಲುಗಳನ್ನು ದಾಟಿ ನಾಲಿಗೆಯ ಮೇಲೆ ಇರಬೇಕು. ತುಟಿಯ ನಡುವೆ ಇಟ್ಟು ಹೀರಿದರೆ ಪಿಚಕಾರಿಯಂತೆ ಹುಳಿ ನೇರ ಹಲ್ಲಿಗೇ ಹೊಡೆಯುತ್ತದೆ.
3. ಹತ್ತು ನಿಮಿಷದೊಳಗೆ ಮುಗಿಸಿ.
4. ಕೂಡಲೇ ಒಂದು ಬಾಯಿ ನೀರು ತುಂಬಿ ಅರ್ಧ ನಿಮಿಷ ಮುಕ್ಕಳಿಸಿ ಉಗಿಯಿರಿ. ಸವೆತ ಆಗಲೇ ಇದ್ದರೆ ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಕಲಸಿ ಮುಕ್ಕಳಿಸಬಹುದು. ನುಂಗಬೇಡಿ, ಬಿಪಿ ಇರುವವರಂತೂ ಬೇಡವೇ ಬೇಡ. ಸೋಡಾ ಪುಡಿಯನ್ನು ನೇರ ಹಲ್ಲಿಗೆ ತಿಕ್ಕುವುದೂ ಬೇಡ.
5. ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬ್ರಷ್ ಮುಟ್ಟಬೇಡಿ. ಹುಳಿ ತಾಗಿದ ಎನಾಮಲ್ಲಿನ ಮೇಲ್ಪದರ ಆಗ ಮೆದುವಾಗಿರುತ್ತದೆ, ಬ್ರಷ್ ಅದನ್ನು ಕೆರೆದು ತೆಗೆಯುತ್ತದೆ.

ಹಲವರು ಎಡವುವುದು ಈ ಐದನೆಯದರಲ್ಲಿ. ಹುಳಿ ಕುಡಿದೆ, ಹಲ್ಲು ಉಜ್ಜಿ ಚೊಕ್ಕ ಮಾಡುತ್ತೇನೆ ಎಂಬ ಒಳ್ಳೆಯ ಉದ್ದೇಶವೇ ಹಾನಿ ಮಾಡುತ್ತದೆ. ಉಮಿಕರಿ, ಇದ್ದಿಲು, ಪುಡಿಯುಪ್ಪು ಹಾಕಿ ಬೆರಳಲ್ಲಿ ತಿಕ್ಕುವವರಿಗೆ ಇನ್ನೂ ಜಾಸ್ತಿ. ಸುಟ್ಟ ಉಮಿ ಮರಳುಕಾಗದದಂತೆ ಕೆಲಸ ಮಾಡುತ್ತದೆ. ಚಾದ ಕಲೆ ಹೋಗಿ ಹಲ್ಲು ಬೆಳ್ಳಗಾಯಿತು ಎಂದು ಅನಿಸಬಹುದು. ಕೆಲವು ವರ್ಷಗಳಲ್ಲಿ ಎನಾಮಲ್ ತೆಳುವಾಗಿ ಒಳಗಿನ ಹಳದಿ ಕಾಣತೊಡಗುತ್ತದೆ. ಆಗ ಇನ್ನಷ್ಟು ಬೆಳ್ಳಗೆ ಮಾಡಲು ಇನ್ನಷ್ಟು ತಿಕ್ಕುತ್ತಾರೆ.

ಬಸುರಿಯರ ವಾಂತಿ, ಹುಳಿತೇಗು ಇರುವವರಿಗೂ ಇದೇ ನಿಯಮ. ಹೊಟ್ಟೆಯ ಆಮ್ಲ ಲಿಂಬೆಗಿಂತ ಕಡಿಮೆಯದ್ದಲ್ಲ. ಸೋಡಾ ನೀರಿನಲ್ಲಿ ಮುಕ್ಕಳಿಸಿ, ಕಾದು, ಆಮೇಲೆ ಉಜ್ಜಿ.

ಮೊಟ್ಟೆಯ ಚಿಪ್ಪನ್ನು ಲಿಂಬೆರಸದಲ್ಲಿಟ್ಟು ಗುಳ್ಳೆ ಬರುವುದನ್ನು ತೋರಿಸುವ ವಿಡಿಯೊಗಳನ್ನು ನೋಡಿ ಗಾಬರಿಯಾಗಬೇಡಿ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಹಲ್ಲು ಕ್ಯಾಲ್ಸಿಯಂ ಫಾಸ್ಫೇಟ್; ಹಲ್ಲು ಅಷ್ಟು ಬೇಗ ಕರಗದು, ಬಾಯಲ್ಲಿ ಜೊಲ್ಲೂ ಇದೆ.

ಹಂತ 6: ಮಕ್ಕಳ ವಿಷಯ

ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಗು ಮಲಗಿದರೆ ಹಾಲು ಮೇಲಿನ ಮುಂಹಲ್ಲುಗಳ ಸುತ್ತ ನಿಲ್ಲುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಾಲಿಗೆ ಸಕ್ಕರೆ, ಕಲ್ಲುಸಕ್ಕರೆ, ಮಾಲ್ಟ್ ಪುಡಿ ಹಾಕಿದ್ದರೆ ಕೆಲವು ತಿಂಗಳಲ್ಲಿ ಹಲ್ಲು ಕಂದಾಗಿ ಮುರಿಯುತ್ತದೆ. ಕೆಳಗಿನ ಮುಂಹಲ್ಲುಗಳಿಗೆ ನಾಲಿಗೆ ಅಡ್ಡ ಇರುವುದರಿಂದ ಅವು ಚೆನ್ನಾಗಿಯೇ ಕಾಣುತ್ತವೆ. ಆದ್ದರಿಂದ ತುಂಬ ಮಂದಿಗೆ ಗೊತ್ತಾಗುವುದೇ ತಡ. ವಾರಕ್ಕೊಮ್ಮೆ ಮಗುವಿನ ಮೇಲ್ತುಟಿ ಎತ್ತಿ ನೋಡಿ. ವಸಡಿನ ಅಂಚಿಗೆ ಸುಣ್ಣ ಎಳೆದಂಥ ಬಿಳಿ ಗೆರೆ ಇದ್ದರೆ ಅದು ಮೊದಲ ಗುರುತು. ಆ ಹಂತದಲ್ಲಿ ತಡೆಯಬಹುದು.

ಬಾಟಲಿಯಿಂದ ಬಿಡಿಸಲು ಹಾಲನ್ನು ದಿನದಿಂದ ದಿನಕ್ಕೆ ನೀರು ಸೇರಿಸಿ ತೆಳು ಮಾಡುತ್ತ ಹೋಗಿ, ಎರಡು ವಾರದಲ್ಲಿ ಬರೀ ನೀರಿಗೆ ಬನ್ನಿ. ಇದು ಮಲಗುವ ಹೊತ್ತಿನ ಬಾಟಲಿಗೆ ಮಾತ್ರ, ಮತ್ತು ಒಂದು ವರ್ಷ ದಾಟಿದ ಮಕ್ಕಳಿಗೆ ಮಾತ್ರ. ಹಗಲಿನ ಹಾಲಿಗೆ ನೀರು ಬೇಡ. ಶಿಶುವಿನ ಹಾಲನ್ನು ಹೀಗೆ ತೆಳು ಮಾಡಲೇಬೇಡಿ.

ಕೆಮ್ಮಿನ ಸಿರಪ್, ಬೆಲ್ಲ ಹಾಕಿ ಮಾಡುವ ಅರಿಷ್ಟಗಳೂ ಸಿಹಿಯೇ. ಔಷಧಿ ಬಿಡಬೇಡಿ, ಕೊಟ್ಟ ಮೇಲೆ ನೀರು ಕುಡಿಸಿ, ರಾತ್ರಿಯದ್ದನ್ನು ಹಲ್ಲುಜ್ಜುವ ಮೊದಲೇ ಕೊಡಿ. ಪೇಸ್ಟು ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಆರು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು.

ಹಂತ 7: ರಾತ್ರಿ

ದಿನದ ಕೊನೆಯ ಕೆಲಸ ಹಲ್ಲುಜ್ಜುವುದು. ಎರಡು ನಿಮಿಷ ಉಜ್ಜಿ ನೊರೆ ಉಗಿಯಿರಿ, ನೀರು ಹಾಕಿ ಬಾಯಿ ತೊಳೆಯಬೇಡಿ. ಉಳಿದ ಪೇಸ್ಟಿನ ಫ್ಲೋರೈಡ್ ರಾತ್ರಿಯಿಡೀ ಕೆಲಸ ಮಾಡುತ್ತದೆ. ಅದರ ಮೇಲೆ ನೀರು ಬಿಟ್ಟರೆ ಏನೂ ಇಲ್ಲ. ಹಾಲೂ ಇಲ್ಲ, ಕಷಾಯವೂ ಇಲ್ಲ. ಬಿಪಿ, ಅಲರ್ಜಿ, ಮಾನಸಿಕ ಸಮಸ್ಯೆಗಳ ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಅಂಥವರಿಗೆ ಈ ಹಂತ ಎಲ್ಲಕ್ಕಿಂತ ಮುಖ್ಯ.

ಎರಡು ವಿನಾಯಿತಿ. ಶುಗರ್ ಇಳಿದು ಕೈಕಾಲು ನಡುಗುವಾಗ ಸಕ್ಕರೆ ನೀರು ಕೊಡಲೇಬೇಕು, ಮಧ್ಯರಾತ್ರಿಯಾದರೂ. ಭೇದಿಯಾದಾಗ ಒಆರ್‌ಎಸ್ ಅನ್ನು ಗುಟುಕು ಗುಟುಕಾಗಿಯೇ ಕೊಡಬೇಕು. ಆ ಹೊತ್ತಿಗೆ ಹಲ್ಲಿನ ಲೆಕ್ಕ ಬದಿಗಿಡಿ.

ಹಂತ 8: ಕನ್ನಡಿ, ಟಾರ್ಚು, ಆಮೇಲೆ ಡಾಕ್ಟರು

ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ನೋಡಿಕೊಳ್ಳಿ. ಮುಂಹಲ್ಲಿನ ತುದಿ ಗಾಜಿನಂತೆ ಪಾರದರ್ಶಕವಾಗಿದೆಯೇ? ದವಡೆಹಲ್ಲಿನ ತಲೆಯಲ್ಲಿ ಚಿಕ್ಕ ಬಟ್ಟಲಿನಂಥ ಹೊಂಡ, ನಡುವೆ ಹಳದಿ? ಹಳೆಯ ಫಿಲ್ಲಿಂಗ್ ಸುತ್ತಲಿನ ಹಲ್ಲಿಗಿಂತ ಮೇಲೆ ಎದ್ದು ನಿಂತಿದೆಯೇ? ಇವು ಸವೆತದವು. ಗುಳಿಯಲ್ಲಿ, ಎರಡು ಹಲ್ಲುಗಳ ಸಂದಿಯಲ್ಲಿ ಕಪ್ಪು ಕಂದು ಬಣ್ಣ, ತಿಂದದ್ದು ಸಿಕ್ಕಿಹಾಕಿಕೊಳ್ಳುವುದು, ಸಿಹಿ ತಾಗಿದರೆ ನೋವು ಇದ್ದರೆ ಹುಳುಕು. ಎಲೆ ಅಡಿಕೆ ಜಗಿಯುವವರ ಹಲ್ಲಿನಲ್ಲಿ ಕಲೆಯ ಅಡಿ ಎರಡೂ ಅಡಗಿರಬಹುದು, ಅವರು ತಾವಾಗಿ ನೋಡಿ ತೀರ್ಮಾನಿಸುವುದು ಕಷ್ಟ.

ಜುಮ್ಮೆನ್ನುವುದಕ್ಕೆ ಮಾರುವ ಪೇಸ್ಟುಗಳಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಇರುವುದು ಹೆಚ್ಚು. ಎರಡರಿಂದ ನಾಲ್ಕು ವಾರ ಬಿಡದೆ ಬಳಸಿದರೆ ಮಾತ್ರ ಗುಣ ಗೊತ್ತಾಗುತ್ತದೆ. ಮೂರು ದಿನ ನೋಡಿ ಬದಲಿಸಬೇಡಿ. ಅದು ಜುಮ್ಮೆನ್ನುವುದನ್ನು ತಗ್ಗಿಸುತ್ತದೆ, ಸವೆತ ನಿಲ್ಲಿಸುವುದು ನಿಮ್ಮ ಲೋಟ. ಬಿಸಿ ತಾಗಿ ನೋವು ನಿಮಿಷಗಟ್ಟಲೆ ನಿಂತರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಮುಖ ಊದಿದರೆ ಪೇಸ್ಟನ್ನು ನಂಬಿ ಕೂರದೆ ಮರುದಿನವೇ ದಂತವೈದ್ಯರಲ್ಲಿಗೆ ಹೋಗಿ. ವಸಡಿಗೆಂದು ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದುಕೊಟ್ಟರೆ, ಅದನ್ನು ಬಳಸುವಷ್ಟು ದಿನ ಚಾ ಕಾಫಿ ಕಡಿಮೆ ಮಾಡಿ. ಎರಡೂ ಸೇರಿದರೆ ಕಂದು ಕಲೆ ದಟ್ಟವಾಗಿ ಹಿಡಿಯುತ್ತದೆ.

ಡಾಕ್ಟರಿಗೆ ಕನ್ನಡ ಬಾರದಿದ್ದರೆ ಉಪಯೋಗಕ್ಕೆ ಬರುವ ಮಲಯಾಳದ ನಾಲ್ಕು ಮಾತು: ಹಲ್ಲು ಜುಮ್ಮೆನ್ನುವುದಕ್ಕೆ "ಪಲ್ಲ್ ಪುಳಿಪ್ಪ್", ಹುಳುಕಿಗೆ "ಪಲ್ಲಿಲ್ ಕೇಡ್", ಸವೆತಕ್ಕೆ "ತೇಯ್ಮಾನಂ", ವಸಡಿಗೆ "ಮೋಣ". ಮೂರು ದಿನ ಬರೆದಿಟ್ಟ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ, ಸಂಜೆಯ ಸೋಡಾದ ಸಾಲನ್ನು ಹರಿದು ತೆಗೆಯದೆ.